ಅಂಕಿತ, ಪಾಠಾಂತರ ಮತ್ತು ಓದುಗರ ಆಯ್ಕೆ

ಹುನಗುಂದ ತಾಲ್ಲೂಕಿನ ಕೂಡಲಸಂಗಮದ ಹೆಸರು ಬಸವಣ್ಣನವರ ವಚನಗಳ ಅಂಕಿತದಲ್ಲಿ ನೆಲೆಗೊಂಡಿದೆ. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ಆ ಅಂಕಿತ ‘ಲಿಂಗದೇವ’ ಎಂದು ಬದಲಾಯಿತು. ಕರ್ನಾಟಕ ಸರ್ಕಾರವು 1998ರಲ್ಲಿ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಭಕ್ತರ ಭಾವನೆ ಹಾಗೂ ಲೇಖಕರ ಸ್ವಾತಂತ್ರ್ಯಗಳ ಈ ವ್ಯಾಜ್ಯದಲ್ಲಿ ಎರಡು ಪಾಠಗಳನ್ನು ಹೋಲಿಸಿ ನೋಡಬೇಕಾದ ಓದುಗರ ಹಕ್ಕು ಹಿನ್ನೆಲೆಗೆ ಸರಿಯಿತು.

ಇದೇ ಪ್ರಶ್ನೆ ಇಂದು ಸಾಮಾಜಿಕ ಜಾಲತಾಣಗಳಲ್ಲಿ ಎದುರಾಗಿದೆ. ಏಕ ಒಡೆತನದ ತಾಣದಲ್ಲಿ ಬರಹವನ್ನು ಉಳಿಸುವ, ಅಳಿಸುವ ನಿಯಮಗಳನ್ನು ಕಂಪನಿಯೇ ರೂಪಿಸುತ್ತದೆ. 2016ರಲ್ಲಿ ಆರಂಭವಾದ ಮಾಸ್ಟೊಡಾನ್‌ನಂತಹ ವಿಕೇಂದ್ರಿತ ಜಾಲದಲ್ಲಿ ಪ್ರತಿಯೊಂದು ಸರ್ವರಿಗೂ ಅದರದೇ ನಿಯಮಾವಳಿಯಿದೆ. ಒಪ್ಪದವರು ಅನುಯಾಯಿಗಳೊಡನೆ ಬೇರೆಡೆಗೆ ಹೋಗಬಹುದು, ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ. ಬ್ಲೂಸ್ಕೈ 2024ರಲ್ಲಿ ಇನ್ನೊಂದು ಮಾರ್ಗವನ್ನು ತೆರೆಯಿತು. ಅಲ್ಲಿ ಸ್ವತಂತ್ರ ಗುಂಪುಗಳು ಬರಹಗಳಿಗೆ ಗುರುತುಪಟ್ಟಿ ಹಚ್ಚಬಹುದು. ಯಾವ ಗುಂಪನ್ನು ನಂಬಬೇಕು, ಗುರುತಾದುದನ್ನು ಮರೆಮಾಡಬೇಕೆ ಅಥವಾ ಎಚ್ಚರಿಕೆಯೊಡನೆ ಓದಬೇಕೆ ಎಂಬುದನ್ನು ಬಹುಮಟ್ಟಿಗೆ ಬಳಕೆದಾರರೇ ನಿರ್ಧರಿಸುತ್ತಾರೆ.

ಕನ್ನಡ ವಿದ್ವತ್ತಿಗೆ ಈ ವಿಧಾನ ಅಪರಿಚಿತವಲ್ಲ. ವಚನಗಳ ತಾಳೆಗರಿಗಳು ಮಠಗಳಲ್ಲಿ, ಮನೆಗಳಲ್ಲಿ ಚದುರಿ ಉಳಿದವು, ಅವುಗಳಿಗೆ ಏಕಕೇಂದ್ರವಿರಲಿಲ್ಲ. ಗ್ರಂಥಸಂಪಾದಕರು ಒಂದು ಪಾಠವನ್ನು ಸ್ವೀಕರಿಸಿದಾಗಲೂ ಉಳಿದವನ್ನು ಅಳಿಸುವುದಿಲ್ಲ, ಪಾಠಾಂತರವಾಗಿ ಅಡಿಯಲ್ಲಿ ದಾಖಲಿಸುತ್ತಾರೆ. ತೀರ್ಮಾನ ಸಂಪಾದಕರದು, ಅದನ್ನು ಪರೀಕ್ಷಿಸುವ ಅವಕಾಶ ಓದುಗರದು.

ಈ ಮಾನದಂಡದಿಂದ ನೋಡಿದರೆ ‘ದೀಪ್ತಿ’ಯ ಪ್ರಸಂಗದಲ್ಲಿ ಎರಡೂ ಕಡೆ ಕೊರತೆ ಕಾಣುತ್ತದೆ. ಅಂಕಿತದ ಬದಲಾವಣೆಯನ್ನು ಮಾತೆ ಮಹಾದೇವಿಯವರು ಬಹಿರಂಗವಾಗಿಯೇ ಸಮರ್ಥಿಸಿಕೊಂಡರು. ಆದರೆ ಪುಸ್ತಕದಿಂದ ಬೇರ್ಪಟ್ಟು ಬಾಯಿಂದ ಬಾಯಿಗೆ ಸಂಚರಿಸುವ ವಚನವು ಆ ಸಮರ್ಥನೆಯನ್ನು ಹೊತ್ತೊಯ್ಯುವುದಿಲ್ಲ. ಮುಟ್ಟುಗೋಲಾದರೋ ಹೋಲಿಕೆಯ ದಾರಿಯನ್ನೇ ಮುಚ್ಚುತ್ತದೆ. ಗುರುತು ಪಠ್ಯದೊಡನೆಯೇ ಸಾಗಬೇಕು, ಮೂಲವೂ ಕೈಗೆಟುಕಬೇಕು. ಆಗ ಮಾತ್ರ ಆಯ್ಕೆಗೆ ಅರ್ಥವುಂಟು.

ಕೊಲೆಬೆದರಿಕೆಯಾಗಲಿ ವ್ಯಕ್ತಿಯ ತೇಜೋವಧೆಯಾಗಲಿ ಪಾಠಾಂತರವಲ್ಲ, ಅವುಗಳನ್ನು ತೆಗೆದುಹಾಕಲೇಬೇಕು. ಉಳಿದವುಗಳ ವಿಷಯದಲ್ಲಿ ಗುರುತು ಹಚ್ಚುವವರಿಗೆ ಭಾಷೆಯ ಒಳಸುಳಿ ತಿಳಿದಿರಬೇಕು. ಗಾದೆಯ ಮರೆಯಲ್ಲಿ ಅಡಗಿದ ಜಾತಿನಿಂದೆಯನ್ನು ಬಾಗಲಕೋಟೆ, ಇಳಕಲ್ಲಿನ ಕಿವಿ ಒಡನೆಯೇ ಗ್ರಹಿಸುತ್ತದೆ; ಕನ್ನಡವರಿಯದ ನಿಯಂತ್ರಕರಿಗೆ ಅದು ಬರಿಯ ಗಾದೆ. ವಿಕೇಂದ್ರಿತ ಜಾಲವು ಕನ್ನಡಿಗರಿಗೆ ಆಯ್ಕೆಯ ಹಕ್ಕನ್ನು ಕೊಟ್ಟರೂ ಕನ್ನಡ ಬಲ್ಲ ಗುರುತುಗಾರರಿಲ್ಲದಿದ್ದರೆ ಆಯ್ದುಕೊಳ್ಳಲು ಏನೂ ಇರುವುದಿಲ್ಲ. ಪಾಠಾಂತರಗಳನ್ನು ತೂಗಿ ನೋಡುವುದನ್ನು ಕಲಿಸುತ್ತ ಬಂದಿರುವ ಕನ್ನಡ ವಿಭಾಗಗಳು ಈ ಕೆಲಸವನ್ನು ತಮ್ಮದೆಂದು ಭಾವಿಸುವುದು ಉಚಿತ.