ಬ್ರೇಕ್ ಹೋಸಿಗೂ ವಯಸ್ಸಾಗುತ್ತೆ

ಟೆಕ್ಸಸ್‌ನಲ್ಲಿ 2025ರ ಜನವರಿ 1ರಿಂದ ಖಾಸಗಿ ವಾಹನಗಳಿಗೆ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ ಇಲ್ಲ. 2023ರಲ್ಲಿ ಪಾಸಾದ ಹೌಸ್ ಬಿಲ್ 3297 ಅದನ್ನು ತೆಗೆದುಹಾಕಿತು. ನಮ್ಮ ಹ್ಯಾರಿಸ್ ಕೌಂಟಿಯಲ್ಲಿ ಕಾರುಗಳಿಗೆ ಹೊಗೆ ಪರೀಕ್ಷೆ ಇನ್ನೂ ಇದೆ, ಬೈಕಿಗೆ ಅದೂ ಇಲ್ಲ. ತಪಾಸಣೆ ಹೋಯಿತು, ಅದರ ಹೆಸರಿನ ಏಳೂವರೆ ಡಾಲರ್ ಮಾತ್ರ ರಿಜಿಸ್ಟ್ರೇಷನ್ ಬಿಲ್ಲಿನಲ್ಲಿ ಹಾಗೇ ಉಳಿಯಿತು. ಇದಕ್ಕೆ ಖುಷಿಪಟ್ಟವರೇ ಹೆಚ್ಚು. ಶನಿವಾರ ಬೆಳಿಗ್ಗೆ ಸಾಲಿನಲ್ಲಿ ಕಾಯೋದು ತಪ್ಪಿತಲ್ಲ!

ಸರಿ. ಹಾಗಾದರೆ ನಿಮ್ಮ ಗ್ಯಾರೇಜಿನಲ್ಲಿರುವ ಇಪ್ಪತ್ತು ವರ್ಷದ ಬೈಕಿನ ಬ್ರೇಕನ್ನು ಇನ್ನು ಮುಂದೆ ನೋಡೋರು ಯಾರು?

ಪಾಡ್‌ಕಾಸ್ಟ್‌ನಲ್ಲಿ ಈ ಮಾತನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೈಪ್ರೆಸ್, ಕೇಟಿ, ಆಸ್ಟಿನ್, ಡಲ್ಲಾಸ್ ಕಡೆ ಹಳೇ ಬೈಕ್ ಕೊಂಡು ಇಟ್ಟುಕೊಂಡಿರುವ ಕನ್ನಡದವರು ಬಹಳ ಜನ ಇದ್ದೀರಿ. ಅಪ್ಪನ ಬೈಕಿನ ಮೇಲೆ ಕಣ್ಣಿಟ್ಟಿರುವ ಮಕ್ಕಳೂ ಇದನ್ನು ಓದ್ತಿದ್ದೀರಿ. ನಿಮ್ಮೆಲ್ಲರಿಗೂ ನನ್ನ ವಾದ ಒಂದೇ: ಬ್ರೇಕಿನ ರಬ್ಬರ್ ಹೋಸ್ ನಾಲ್ಕು ವರ್ಷ ದಾಟಿದ್ದರೆ ಬದಲಾಯಿಸಿ. ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಯಾವಾಗ ಬಿಚ್ಚಿದ್ದು ಅಂತ ಗೊತ್ತಿಲ್ಲದಿದ್ದರೆ ಬಿಚ್ಚಿ, ಸೀಲ್ ಹೊಸದು ಹಾಕಿ. ಅಲ್ಲಿಯವರೆಗೆ ಆ ಬೈಕನ್ನು ರಸ್ತೆಗೆ ಇಳಿಸಬೇಡಿ. ಟ್ಯಾಂಕಿಗೆ ಪಾಲಿಶ್, ಹೊಸ ಸೈಲೆನ್ಸರ್, ಹೊಸ ಸೀಟ್ ಎಲ್ಲ ಆಮೇಲೆ.

ಕೇಬಲ್ ಕಾಲದ ತಿಳುವಳಿಕೆ

ಬ್ರೇಕಿನ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ತಿಳುವಳಿಕೆ ಕೇಬಲ್ ಕಾಲದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಮಾಡಿತು. ಅವೆಲ್ಲ ಡ್ರಮ್ ಬ್ರೇಕ್. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಡ್ರಮ್. ಹೊರದೇಶಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಇದ್ದ ಯಮಹಾ ಆರ್‌ಡಿ350, ನಮ್ಮಲ್ಲಿ ರಾಜದೂತ್ 350 ಆಗಿ ಬಂದಾಗ ಎರಡೂ ಚಕ್ರಕ್ಕೆ ಡ್ರಮ್ಮೇ. ಹೀರೋ ಹೋಂಡಾ ಸಿಬಿಜೆಡ್, ಆಮೇಲೆ 2001ರ ಬಜಾಜ್ ಪಲ್ಸರ್ ಬಂದ ಮೇಲೆ ತಾನೇ ನಮ್ಮೂರ ಬೀದಿಗಳಲ್ಲಿ ಡಿಸ್ಕ್ ಬ್ರೇಕ್ ಮಾಮೂಲಿಯಾಗಿದ್ದು.

ಡ್ರಮ್ ಬ್ರೇಕಿನ ಒಂದು ಒಳ್ಳೇ ಗುಣ ಅಂದರೆ ಅದು ದೂರು ಹೇಳುತ್ತೆ. ಬ್ರೇಕ್ ಶೂ ಸವೆದ ಹಾಗೆ ಲೀವರ್ ಸಡಿಲಾಗುತ್ತೆ. ಅಪ್ಪ ಅಥವಾ ಮಾವ ಬಗ್ಗಿ ಅಡ್ಜಸ್ಟರ್ ನಟ್ಟನ್ನು ಎರಡು ಸುತ್ತು ತಿರುಗಿಸುತ್ತಿದ್ದರು, ಬ್ರೇಕ್ ಸರಿಹೋಗುತ್ತಿತ್ತು. ಕೇಬಲ್ ಎಳೆ ಬಿಚ್ಚಿಕೊಂಡರೆ ಕಣ್ಣಿಗೆ ಕಾಣುತ್ತಿತ್ತು. ಇದನ್ನೆಲ್ಲ ನೋಡಿ ಬೆಳೆದ ನಮಗೆ ‘ಲೀವರ್ ಸರಿ ಇದ್ದರೆ ಬ್ರೇಕ್ ಸರಿ’ ಅನ್ನೋದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಾಗಲ್ಲ. ನೀವು ಲೀವರ್ ಹಿಡಿದಾಗ ಮಾಸ್ಟರ್ ಸಿಲಿಂಡರಿನ ಪುಟ್ಟ ಪಿಸ್ಟನ್ ದ್ರವವನ್ನು ತಳ್ಳುತ್ತೆ. ಹೋಸ್ ಒಳಗಿನ ದ್ರವ ಆ ಒತ್ತಡವನ್ನು ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಮುಟ್ಟಿಸುತ್ತೆ, ಅದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತೆ. ಪ್ಯಾಡ್ ಸವೆದರೆ ಪಿಸ್ಟನ್ ತಾನೇ ಒಂಚೂರು ಮುಂದೆ ಬಂದು ಕೂರುತ್ತೆ, ಮೇಲಿನ ಡಬ್ಬಿಯಿಂದ ಅಷ್ಟು ದ್ರವ ಇಳಿಯುತ್ತೆ. ಲೀವರಿನಲ್ಲಿ ನಿಮಗೆ ಏನೂ ಗೊತ್ತಾಗೋದಿಲ್ಲ. ಪ್ಯಾಡ್ ಕಾಗದದಷ್ಟು ಉಳಿದಾಗಲೂ ಲೀವರ್ ಮೊದಲಿನ ಹಾಗೇ ಇರಬಹುದು. ಹೋಸ್ ಒಳಗಿನಿಂದ ಹಾಳಾದರೂ ಹೊರಗೆ ಕರ್ರಗೆ ನುಣ್ಣಗೆ ಕಾಣಬಹುದು.

ಒಳಗೆ ಏನಾಗುತ್ತೆ?

ಮೊದಲು ದ್ರವದ ಕಥೆ. ನಾವು ಅದಕ್ಕೆ ‘ಬ್ರೇಕ್ ಆಯಿಲ್’ ಅಂತೀವಿ. ಈ ಹೆಸರೇ ದಾರಿ ತಪ್ಪಿಸುತ್ತೆ. ಡಾಟ್ 3, ಡಾಟ್ 4, ಡಾಟ್ 5.1 ಯಾವುದೂ ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವಗಳು. ಎಂಜಿನ್ ಆಯಿಲ್ ಅಥವಾ ಮಾಮೂಲಿ ಗ್ರೀಸ್ ಸೋಕಿದರೆ ಬ್ರೇಕಿನ ಸೀಲ್‌ಗಳು ಉಬ್ಬಿ ಕೆಡುತ್ತವೆ. ಡಾಟ್ 5 ಅನ್ನೋದು ಸಿಲಿಕೋನ್, ಇವುಗಳ ಜತೆ ಬೆರೆಸೋ ಹಾಗಿಲ್ಲ. 5 ಮತ್ತು 5.1 ಅಣ್ಣತಮ್ಮ ಅಂದುಕೊಳ್ಳಬೇಡಿ.

ಗ್ಲೈಕಾಲ್ ದ್ರವ ಗಾಳಿಯ ತೇವ ಹೀರುತ್ತೆ. ನಿಯಮದ ಪ್ರಕಾರ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿ. ಡಾಟ್ 3ರಲ್ಲಿ ಅದು 205ರಿಂದ 140ಕ್ಕೆ ಇಳಿಯುತ್ತೆ. ಕುದಿದರೆ ಆವಿಯ ಗುಳ್ಳೆ. ದ್ರವವನ್ನು ಹಿಂಡೋಕೆ ಆಗಲ್ಲ, ಆವಿಯನ್ನು ಹಿಂಡಬಹುದು. ನಿಮ್ಮ ಬೆರಳಿನ ಬಲವೆಲ್ಲ ಗುಳ್ಳೆ ಹಿಂಡೋದಕ್ಕೇ ಹೋಗುತ್ತೆ, ಲೀವರ್ ಹ್ಯಾಂಡಲ್ಲಿಗೆ ಬಂದು ತಾಗುತ್ತೆ. ಹ್ಯೂಸ್ಟನ್ನಿನ ಸೆಕೆಯನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಆ ತೇವ ನಿಮ್ಮ ಗ್ಯಾರೇಜಿನೊಳಗೂ ಇದೆ.

ಇನ್ನು ಹೋಸ್. ರಬ್ಬರ್ ಹಳೆಯದಾದರೆ ಒತ್ತಡಕ್ಕೆ ಉಬ್ಬುತ್ತೆ, ಬ್ರೇಕ್ ಮೆತ್ತಗೆ ಸ್ಪಂಜಿನ ಹಾಗೆ ಆಗುತ್ತೆ. ಒಳಗೋಡೆ ಊದಿಕೊಂಡರೆ ಒಂದು ದಿಕ್ಕಿನ ವಾಲ್ವ್ ತರಹ ವರ್ತಿಸುತ್ತೆ: ಒತ್ತಡ ಕ್ಯಾಲಿಪರಿಗೆ ಹೋಗುತ್ತೆ, ವಾಪಸ್ ಬರಲ್ಲ. ಲೀವರ್ ಬಿಟ್ಟರೂ ಚಕ್ರ ಹಿಡಿದುಕೊಂಡೇ ಇರುತ್ತೆ, ಡಿಸ್ಕ್ ಕಾಯುತ್ತೆ, ದ್ರವ ಇನ್ನೂ ಬಿಸಿಯಾಗುತ್ತೆ.

ಕ್ಯಾಲಿಪರಿನಲ್ಲಿ ಪಿಸ್ಟನ್ ಸುತ್ತ ಒಂದು ಚೌಕ ಅಂಚಿನ ಸೀಲ್ ಇದೆ. ಬ್ರೇಕ್ ಹಿಡಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತೆ, ಬಿಟ್ಟಾಗ ತನ್ನ ಜಾಗಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಎಳೆಯುತ್ತೆ. ಬೇರೆ ಸ್ಪ್ರಿಂಗ್ ಇಲ್ಲ, ಆ ಸೀಲೇ ಸ್ಪ್ರಿಂಗ್. ಅದು ಕೂರುವ ಗಾಡಿಯಲ್ಲಿ ಬಿಳೀ ಪುಡಿ ಕಟ್ಟಿದರೆ ಪಿಸ್ಟನ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತೆ. ಹೊಸ ಪ್ಯಾಡ್ ಹಾಕಿ ಹೋಸ್ ಬದಲಿಸಿ ಇದನ್ನು ಬಿಟ್ಟರೆ ಕೆಲಸ ಅರ್ಧವೇ ಆದ ಹಾಗೆ.

ನೀವು ಹೇಳುವ ನೆಪಗಳು

‘ಓಡಿಸಿದ್ದೇ ಕಡಿಮೆ, ಮೀಟರ್ ನೋಡಿ, ಎಂಟೇ ಸಾವಿರ ಮೈಲಿ.’ ಹಳೇ ಬೈಕ್ ಮಾರುವವರೂ ಕೊಳ್ಳುವವರೂ ಹೇಳೋದು ಇದೇ. ರಬ್ಬರಿಗೆ ಮೈಲಿ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ವರ್ಷ. ಯಮಹಾ, ಸುಜುಕಿ, ಕವಾಸಾಕಿ ಮ್ಯಾನ್ಯುಯಲ್‌ಗಳನ್ನು ತೆಗೆದು ನೋಡಿ: ಬ್ರೇಕ್ ದ್ರವಕ್ಕೆ ಎರಡು ವರ್ಷ, ಹೋಸಿಗೆ ನಾಲ್ಕು ವರ್ಷ ಅಂತ ಬರೆದಿರುತ್ತೆ. ಓಡಿಸಿ ಅಥವಾ ನಿಲ್ಲಿಸಿ. ನಿಮ್ಮ ಹೋಸಿನ ವಯಸ್ಸು ತಿಳಿಯೋದು ಕಷ್ಟವಲ್ಲ. ಇಲ್ಲಿ ಮಾರುವ ಬ್ರೇಕ್ ಹೋಸಿನ ಮೇಲೆ ತಯಾರಾದ ದಿನಾಂಕ ಇರಬೇಕು ಅಂತ ಅಮೆರಿಕದ ಕೇಂದ್ರ ನಿಯಮವೇ ಇದೆ. ಟಾರ್ಚ್ ಹಿಡಿದು ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ.

‘ಇಲ್ಲಿಯವರೆಗೆ ಚೆನ್ನಾಗೇ ನಿಂತಿದೆಯಲ್ಲ?’ ನನ್ನ ಹೊಟ್ಟೆಪಾಡು ಡೇಟಾ, ಆದ್ದರಿಂದ ಈ ವಾದ ಕೇಳಿದರೆ ನನಗೆ ಸುಮ್ಮನಿರೋಕೆ ಆಗಲ್ಲ. ನಿಮ್ಮ ಹತ್ತಿರ ಇರುವ ದಾಖಲೆಯೆಲ್ಲ ಬ್ಯಾರ್ಕರ್ ಸೈಪ್ರೆಸ್ ರಸ್ತೆಯ ಸಿಗ್ನಲ್‌ನಲ್ಲಿ ಮೆಲ್ಲಗೆ ನಿಂತದ್ದು. ನಿಮಗೆ ಬೇಕಾದ ಉತ್ತರ 290ರ ಹೈವೇಯಲ್ಲಿ ಮುಂದಿನ ಪಿಕಪ್ ಹಠಾತ್ತನೆ ನಿಂತಾಗಿನದು. ಸಾವಿರ ಸಲ ಮೆಲ್ಲಗೆ ಹಿಡಿದ ಬ್ರೇಕ್, ಒಂದು ಸಲ ಪೂರ್ತಿ ಬಲ ಹಾಕಿ ಹಿಡಿಯುವುದರ ಬಗ್ಗೆ ಏನನ್ನೂ ಹೇಳಲ್ಲ. 65 ಮೈಲಿ ವೇಗ ಅಂದರೆ ಸೆಕೆಂಡಿಗೆ 29 ಮೀಟರ್. ಬ್ರೇಕ್ ಹಿಡಿಯೋದು ಅರ್ಧ ಸೆಕೆಂಡ್ ತಡವಾದರೆ ಮೂರು ಕಾರಿನಷ್ಟು ಉದ್ದ ಮುಂದೆ ಹೋಗಿರ್ತೀರಿ.

‘ಅದೆಲ್ಲ ಮೆಕ್ಯಾನಿಕ್ ಕೆಲಸ ಕಣ್ರೀ.’ ಈ ಮಾತಿನೊಳಗೆ ಎರಡು ಮಾತಿವೆ. ಒಂದು ನ್ಯಾಯವಾದದ್ದು: ಅರಿಯದವರು ಬ್ರೇಕ್ ಬಿಚ್ಚುವುದು ಅಪಾಯ. ಹೌದು. ಧೈರ್ಯ ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿ, ಆದರೆ ಏನು ಮಾಡಿದರು ಅಂತ ಕೇಳುವಷ್ಟು ತಿಳಿದುಕೊಳ್ಳಿ. ಹಳೇ ಬೈಕ್ ಮುಟ್ಟೋದೇ ಇಲ್ಲ ಅನ್ನುವ ಅಂಗಡಿಗಳೂ ಇವೆ. ಇನ್ನೊಂದು ಮಾತು ಅಷ್ಟು ಒಳ್ಳೆಯದಲ್ಲ. ಓದಿದವರ ಕೈಗೆ ಕಪ್ಪು ಅಂಟಬಾರದು, ಸ್ಪ್ಯಾನರ್ ಹಿಡಿಯೋರು ಬೇರೆ ಅನ್ನುವ ನಮ್ಮ ಹಳೇ ಜಂಬ ಅದು. ಸಮುದ್ರ ದಾಟಿ ಬಂದರೂ ಅದನ್ನು ಜತೆಗೆ ತಂದಿದ್ದೀವಿ. ಮಕ್ಕಳಿಗೆ ಕೋಡಿಂಗ್ ಕ್ಲಾಸಿಗೆ ಡಾಲರ್ ಸುರಿಯುವ ಮನೆಯಲ್ಲಿ ಒಂದು ಟಾರ್ಕ್ ರೆಂಚ್ ಇರೋದಿಲ್ಲ.

ಕೆಲಸ ಹೇಗೆ?

ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಮುಂದಿಟ್ಟುಕೊಳ್ಳಿ, ನಾನು ಹೇಳೋದು ಮುಖ್ಯ ಎಚ್ಚರಿಕೆಗಳಷ್ಟೇ. ಹಳೇ ಹೋಸ್ ಬಿಚ್ಚುವ ಮೊದಲೇ ಲೀವರ್ ಒತ್ತಿ ಪಿಸ್ಟನ್ನನ್ನು ಬಹುಪಾಲು ಹೊರಗೆ ತಂದುಕೊಳ್ಳಿ. ಆಮೇಲೆ ಗಾಳಿ ಒತ್ತಡದಲ್ಲಿ ಹಾರಿಸೋಕೆ ಹೋದರೆ ಬೆರಳು ಜಜ್ಜಿಹೋಗುತ್ತೆ. ಸೀಲ್ ಕೂರುವ ಗಾಡಿಯ ಪುಡಿಯನ್ನು ಗೀರು ಬೀಳದ ಹಾಗೆ ತೆಗೆಯಿರಿ. ಪಿಸ್ಟನ್ನಿನಲ್ಲಿ ತುಕ್ಕಿನ ಗುಳಿ ಕಂಡರೆ ಹೊಸದು ಹಾಕಿ. ಸೀಲನ್ನು ತಾಜಾ ಬ್ರೇಕ್ ದ್ರವದಲ್ಲಿ ಅದ್ದಿ ಕೂರಿಸಿ. ಮಾಸ್ಟರ್ ಸಿಲಿಂಡರ್ ಡಬ್ಬಿಯ ತಳದಲ್ಲಿ ಸೂಜಿಮೊನೆಯಷ್ಟು ಒಂದು ರಂಧ್ರ ಇರುತ್ತೆ. ಅದು ಕಟ್ಟಿದ್ದರೆ ಬ್ರೇಕ್ ಬಿಡೋದೇ ಇಲ್ಲ, ಮರೆಯದೆ ನೋಡಿ.

ಹೊಸ ಹೋಸ್ ಕಂಪನಿಯ ರಬ್ಬರಿನದಾದರೂ ಆಯಿತು, ಸ್ಟೀಲ್ ಹೆಣಿಗೆಯದಾದರೂ ಆಯಿತು. ಸ್ಟೀಲಿನದು ಉಬ್ಬೋದು ಕಡಿಮೆ, ಲೀವರ್ ಗಟ್ಟಿಯಾಗಿರುತ್ತೆ. ಬ್ಯಾಂಜೊ ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಷರ್ ಹೊಸದೇ ಇರಬೇಕು, ಬಿಗಿತ ಮ್ಯಾನ್ಯುಯಲ್ ಹೇಳಿದಷ್ಟೇ ಇರಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಎಳೆಯಬಾರದು, ಉಜ್ಜಬಾರದು. ಗಾಳಿ ತೆಗೆಯೋದು ಹೀಗೆ: ಲೀವರ್ ಹಿಡಿದುಕೊಳ್ಳಿ, ನಿಪ್ಪಲ್ ಸಡಿಲಿಸಿ, ಬಿಗಿಮಾಡಿ, ಆಮೇಲೇ ಲೀವರ್ ಬಿಡಿ. ಗುಳ್ಳೆ ನಿಲ್ಲುವವರೆಗೂ ಇದೇ, ಡಬ್ಬಿ ಬರಿದಾಗದಂತೆ ನೋಡಿಕೊಳ್ಳುತ್ತಾ. ದ್ರವ ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ಮೊದಲ ಪರೀಕ್ಷೆ ಮನೆ ಮುಂದಿನ ಡ್ರೈವ್‌ವೇಯಲ್ಲಿ, ನಡಿಗೆಯ ವೇಗದಲ್ಲಿ.

ಒಂದು ದಿನ ಗೊತ್ತುಮಾಡಿ

ಸರ್ಕಾರದ ತಪಾಸಣೆ ಇಲ್ಲದ ಮೇಲೆ ನಮಗೆ ನಾವೇ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಅಂಥ ದಿನ ನಮ್ಮ ಪಂಚಾಂಗದಲ್ಲಿ ಆಗಲೇ ಇದೆ. ಆಯುಧಪೂಜೆ. ಅವತ್ತು ಹಾರ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಇರಲಿ, ಬೇಡ ಅನ್ನೋಕೆ ನಾನು ಯಾರು. ಆದರೆ ನಮ್ಮೂರ ಗ್ಯಾರೇಜುಗಳನ್ನು ನೆನಪು ಮಾಡಿಕೊಳ್ಳಿ. ಪೂಜೆಗೆ ಮುಂಚೆ ಅಲ್ಲಿ ಪ್ರತಿ ಸ್ಪ್ಯಾನರನ್ನೂ ತೊಳೆದು ಒರೆಸಿ ಜೋಡಿಸಿಡುತ್ತಿದ್ದರು. ತೊಳೆಯುವಾಗ ತಾನೇ ಮುರಿದದ್ದು, ಸವೆದದ್ದು ಕಣ್ಣಿಗೆ ಬೀಳೋದು? ಪೂಜೆಯ ಹಿಂದಿನ ವಾರಾಂತ್ಯ ಹೋಸಿನ ದಿನಾಂಕ ಓದಿ, ದ್ರವದ ಬಣ್ಣ ನೋಡಿ, ಪ್ಯಾಡಿನ ದಪ್ಪ ನೋಡಿ. ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗುತ್ತಾ? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಟಾರ್ಚ್ ಅವರ ಕೈಗೇ ಕೊಡಿ. ಹಾಗೆ ಓದಿದ ದಿನಾಂಕ ನಾಲ್ಕು ವರ್ಷ ಹಿಂದಿನದಾಗಿದ್ದರೆ, ಹೊಸ ಹೋಸ್ ಬರುವ ತನಕ ಬೀಗದ ಕೈ ಒಳಗಿರಲಿ.