ಗೋಡೆಯ ಪಸೆ ಅಲಕ್ಷಿಸುವ ವಿಷಯವಲ್ಲ

ಮೇ ತಿಂಗಳು ಸಮೀಪಿಸಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಂಭ್ರಮ. ಮಕ್ಕಳ ರಜೆ, ಸಂಬಂಧಿಕರ ಮದುವೆ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಎಂದು ಮತ್ಸ್ಯಗಂಧ ರೈಲಿನ ಟಿಕೇಟು ಬಹಳ ಮೊದಲೇ ಕಾದಿರಿಸಲಾಗುತ್ತದೆ. ಊರಿನ ಹಿರಿಯರ ಮನೆಯ ಹಂಚು ಸರಿಪಡಿಸಿ ಮಳೆಗಾಲಕ್ಕೆ ಸಿದ್ಧಗೊಳಿಸಲು ಇಲ್ಲಿಂದ ತಪ್ಪದೆ ಹಣ ಹೋಗುತ್ತದೆ. ಅದೇ ಹೊತ್ತಿಗೆ ಇಲ್ಲಿ ತಾವು ನಿತ್ಯ ಮಲಗುವ ಕೋಣೆಯ ಮೇಲ್ಛಾವಣಿಯಲ್ಲಿ ವರ್ಷದಿಂದ ಹರಡುತ್ತಿರುವ ಪಸೆಯನ್ನು ಕಂಡೂ ಕಾಣದಂತೆ ಬಾಗಿಲಿಗೆ ಬೀಗ ಬೀಳುತ್ತದೆ. ‘ಬಂದ ಮೇಲೆ ನೋಡೋಣ’ ಎಂಬ ಮಾತು ದೀಪಾವಳಿಯವರೆಗೂ, ಬಳಿಕ ಮುಂದಿನ ಮೇ ತಿಂಗಳವರೆಗೂ ಮುಂದೂಡಲ್ಪಡುತ್ತದೆ.

ಪಸೆ ಎಂದರೆ ಗೋಡೆಯ ಬಣ್ಣ ಕೆಡಿಸುವ ಸಣ್ಣ ತೊಂದರೆ ಎಂಬ ಭಾವನೆಯೇ ಈ ಅಲಕ್ಷ್ಯಕ್ಕೆ ಕಾರಣ. ಆದರೆ ಈ ಪರಿಸರದ ಕಟ್ಟಡಗಳ ಸ್ಥಿತಿಗತಿ ಅಷ್ಟು ನಿಶ್ಚಿಂತೆಯಿಂದ ಇರುವಂತಹದ್ದಲ್ಲ. 2015ರ ಜುಲೈ 28ರಂದು ಠಾಕುರ್ಲಿಯಲ್ಲಿ ಹಳೆಯ ಕಟ್ಟಡವೊಂದು ಕುಸಿದು 9 ಮಂದಿ ಮೃತಪಟ್ಟರು. ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ 4ರಂದು, ಥಾಣೆಯ ನೌಪಾಡಾದಲ್ಲಿ ಇನ್ನೊಂದು ಹಳೆಯ ಕಟ್ಟಡ ಉರುಳಿ 12 ಮಂದಿ ಬಲಿಯಾದರು. 2022ರ ಜೂನ್ ತಿಂಗಳಲ್ಲಿ ನೆರೂಳಿನ ವಸತಿ ಕಟ್ಟಡವೊಂದರ ಸ್ಲ್ಯಾಬುಗಳು ಒಂದರ ಮೇಲೊಂದು ಕುಸಿದವು. 2025ರ ಮೇ 20ರಂದು ಕಲ್ಯಾಣ್ ಪೂರ್ವದಲ್ಲಿ ನಾಲ್ಕನೇ ಮಹಡಿಯ ಮನೆಯೊಂದರಲ್ಲಿ ನೆಲದ ಕೆಲಸ ನಡೆಯುತ್ತಿದ್ದಾಗ ಸ್ಲ್ಯಾಬ್ ಕೆಳಗಿನ ಮನೆಗಳ ಮೇಲೆ ಕುಸಿದು 6 ಮಂದಿ ಪ್ರಾಣ ಕಳೆದುಕೊಂಡರು.

ಈ ದುರಂತಗಳಿಗೆ ನಳ್ಳಿಯ ಸೋರಿಕೆಯೇ ಕಾರಣ ಎನ್ನುವಂತಿಲ್ಲ. ಕಟ್ಟಡದ ಪ್ರಾಯ, ಕಾಮಗಾರಿಯ ಗುಣಮಟ್ಟ, ಮನಬಂದಂತೆ ಮಾಡಿದ ಬದಲಾವಣೆ ಹೀಗೆ ಒಂದೊಂದು ಕಟ್ಟಡ ಬೀಳುವುದಕ್ಕೂ ಹಲವು ಕಾರಣಗಳು ಸೇರಿರುತ್ತವೆ. ಆದರೆ ಗಟ್ಟಿಮುಟ್ಟಾದ ಸ್ಲ್ಯಾಬನ್ನು ಸದ್ದಿಲ್ಲದೆ ದುರ್ಬಲಗೊಳಿಸುವವುಗಳಲ್ಲಿ ನೀರಿಗೆ ಮೊದಲ ಸಾಲಿನ ಸ್ಥಾನವಿದೆ. ಕಾಂಕ್ರೀಟಿನ ಒಳಗಿರುವ ಕಬ್ಬಿಣದ ಸರಳುಗಳಿಗೆ ಕಾಂಕ್ರೀಟೇ ರಕ್ಷಣೆ. ನೀರು ಮತ್ತು ಗಾಳಿ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ; ಸೀಳಿನಿಂದ ಮತ್ತಷ್ಟು ನೀರು ಒಳಗಿಳಿಯುತ್ತದೆ. ಟೆರೇಸು ನೆನೆಯುವುದು ವರ್ಷಕ್ಕೆ ನಾಲ್ಕು ತಿಂಗಳು. ಬಚ್ಚಲು, ಶೌಚಾಲಯದ ಸ್ಲ್ಯಾಬಾದರೋ ಸೋರಿಕೆಯಿದ್ದರೆ ಹನ್ನೆರಡು ತಿಂಗಳೂ ನೆನೆಯುತ್ತಿರುತ್ತದೆ. ವಾಶಿಯಲ್ಲಿ ಸಿಡ್ಕೊ ಕಟ್ಟಿಸಿದ್ದ ಜೆಎನ್-1, ಜೆಎನ್-2 ಮಾದರಿಯ ಕಟ್ಟಡಗಳ ನಿವಾಸಿಗಳು ಮೇಲ್ಛಾವಣಿಯ ಪ್ಲಾಸ್ಟರ್ ಯಾವಾಗ ತಲೆಯ ಮೇಲೆ ಉದುರುವುದೋ ಎಂಬ ಭಯದಲ್ಲಿ ವರ್ಷಗಟ್ಟಲೆ ಕಳೆದುದನ್ನು ನವಿಮುಂಬಯಿಯ ಜನ ಕಣ್ಣಾರೆ ಕಂಡಿದ್ದಾರೆ.

ಸಮಾಧಾನದ ವಿಷಯವೆಂದರೆ ನೀರು ಮುನ್ಸೂಚನೆ ಕೊಡದೆ ಕೆಡಿಸುವುದು ಅಪರೂಪ. ಆ ಸೂಚನೆಗಳನ್ನು ಗುರುತಿಸಲು ಇಂಜಿನಿಯರ್ ಆಗಬೇಕಾಗಿಲ್ಲ. ಮನೆಯ ಗೃಹಿಣಿಗೆ ಅವು ಎಲ್ಲರಿಗಿಂತ ಮೊದಲು ಗೋಚರವಾಗುತ್ತವೆ. ಗೋಡೆಯ ಬಣ್ಣ ಗುಳ್ಳೆಯಂತೆ ಏಳುವುದು, ಉಪ್ಪಿನಂತಹ ಬಿಳಿ ಪುಡಿ ಕಾಣಿಸುವುದು, ಕಪಾಟಿನ ಹಿಂಬದಿಯಲ್ಲಿ ಬೂಸಲು ವಾಸನೆ, ಟೈಲ್ಸ್‌ಗಳ ಸಂದಿನ ಸಿಮೆಂಟು ಕರಗಿ ಕಪ್ಪಾಗುವುದು ಇವೆಲ್ಲ ಮೊದಲ ಹಂತದ ಲಕ್ಷಣಗಳು. ಮೇಲ್ಛಾವಣಿಯಲ್ಲಿ ನೇರವಾದ ಕಂದು ಗೆರೆಗಳು ಮೂಡಿದರೆ ಒಳಗಿನ ಸರಳಿಗೆ ತುಕ್ಕು ತಗಲಿದೆ ಎಂದೇ ಶಂಕಿಸಬೇಕು. ಕೋಲಿನಿಂದ ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಸ್ಲ್ಯಾಬಿನಿಂದ ಬಿಟ್ಟುಕೊಂಡಿದೆ ಎಂದರ್ಥ. ಅದರ ಕೆಳಗೆ ಮಂಚ, ತೊಟ್ಟಿಲು ಇಡಬಾರದು.

ಪಸೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಾಲವೇ ಹೇಳಿಕೊಡುತ್ತದೆ. ಮಳೆಗಾಲದಲ್ಲಿ ಮಾತ್ರ ಕಾಣಿಸಿ ನವೆಂಬರ್ ಹೊತ್ತಿಗೆ ಒಣಗುವ ಪಸೆ ಟೆರೇಸಿನದ್ದು ಅಥವಾ ಹೊರಗೋಡೆಯ ಬಿರುಕಿನದ್ದು. ಒಂದು ಹನಿ ಮಳೆಯಿಲ್ಲದ ಏಪ್ರಿಲ್, ಮೇ ತಿಂಗಳಲ್ಲೂ ಹರಡುತ್ತಿದ್ದರೆ ಅದು ಪೈಪಿನದ್ದು. ಬೆಳಿಗ್ಗೆ ಮೇಲಿನ ಮನೆಯವರ ಸ್ನಾನ ಮುಗಿದ ಬಳಿಕ ಜಾಸ್ತಿಯಾಗಿ ಮಧ್ಯಾಹ್ನ ಕಡಿಮೆಯಾದರೆ ಹೊರಹೋಗುವ ಕೊಳವೆಯ ಅಥವಾ ನಹಾನಿ ಟ್ರ್ಯಾಪ್ ಸುತ್ತಲಿನ ದೋಷ. ಹಗಲು ರಾತ್ರಿ ಒಂದೇ ಸಮನೆ ಇದ್ದರೆ ಗೋಡೆಯೊಳಗಿನ ನೀರಿನ ಪೈಪು ಸೋರುತ್ತಿರುವ ಸಂಭವ ಹೆಚ್ಚು. ಆದುದರಿಂದ ಬೇಸಗೆಯೇ ತಪಾಸಣೆಗೆ ಸರಿಯಾದ ಕಾಲ. ಜೂನ್ ಎರಡನೇ ವಾರದ ಮಳೆ ಶುರುವಾದ ಮೇಲೆ ಎಲ್ಲ ಪಸೆಯೂ ಒಂದೇ ರೀತಿ ಕಾಣುತ್ತದೆ. ಪ್ಲಂಬರನೂ ಸುಲಭದಲ್ಲಿ ಸಿಗುವುದಿಲ್ಲ.

ನಳ್ಳಿಯ ನೀರೂ ಮಾತನಾಡುತ್ತದೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿದ್ದು ಬಳಿಕ ತಿಳಿಯಾದರೆ ಕಟ್ಟಡದ ಹಳೆಯ ಜಿಐ ಪೈಪುಗಳು ಒಳಗಿನಿಂದ ತುಕ್ಕು ಹಿಡಿದಿರಬಹುದು. ಒಂದೇ ನಳ್ಳಿಯಲ್ಲಿ ನೀರಿನ ರಭಸ ಕಡಿಮೆಯಾದರೆ ಅದರ ಬಾಯಿಯ ಜಾಲರಿ ಬಿಚ್ಚಿ ತೊಳೆದರೆ ಸಾಕಾಗಬಹುದು. ಎಲ್ಲ ನಳ್ಳಿಗಳಲ್ಲೂ ಕಡಿಮೆಯಾದರೆ ಪೈಪಿನೊಳಗೆ ಕಿಟ್ಟ ಕಟ್ಟಿದೆ ಅಥವಾ ಎಲ್ಲೋ ಸೋರುತ್ತಿದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಸೊಸೈಟಿಗಳಲ್ಲಿ ಇದು ಬೇಗ ಆಗುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ನೀರು ನಿಧಾನವಾಗಿ ಇಳಿಯುವುದು, ಒಂದು ಕಡೆ ನೀರು ಬಿಟ್ಟಾಗ ಇನ್ನೊಂದು ಕಡೆ ಗುಳುಗುಳು ಸದ್ದು ಕೇಳುವುದು ಹೊರಕೊಳವೆ ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಸಾಕ್ಷಿ. ಕರಿದ ಎಣ್ಣೆ, ದೋಸೆಹಿಟ್ಟಿನ ಪಾತ್ರೆ ತೊಳೆದ ದಪ್ಪ ನೀರು ಸಿಂಕಿಗೆ ಸುರಿಯುವ ಅಭ್ಯಾಸವನ್ನು ಕೈಬಿಡುವುದೇ ಇದಕ್ಕೆ ಮೊದಲ ಪರಿಹಾರ.

ಖರ್ಚಿಲ್ಲದ ಎರಡು ಪರೀಕ್ಷೆಗಳನ್ನು ಯಾರೂ ಮಾಡಬಹುದು. ರಾತ್ರಿ ಶೌಚಾಲಯದ ಫ್ಲಶ್ ಟಾಂಕಿಗೆ ಸ್ವಲ್ಪ ತಿಂಡಿಯ ಬಣ್ಣ ಬೆರೆಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಬೇಕು. ಕೆಳಗಿನ ನೀರಿಗೆ ಬಣ್ಣ ಬಂದರೆ ಒಳಗಿನ ರಬ್ಬರು ಕೆಟ್ಟಿದೆ. ಎರಡನೆಯದು, ಮನೆಯ ಲಾಫ್ಟ್ ಟಾಂಕಿ ತುಂಬಿದ ಮೇಲೆ ನೀರು ಒಳಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗುವುದು. ಯಾರೂ ನೀರು ಬಳಸದಿದ್ದರೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇದ್ದೇ ಇದೆ. ತೊಟ್ಟಿಕ್ಕುವ ನಳ್ಳಿಯೊಂದು ಗಂಟೆಗೆ 200 ಮಿಲಿಲೀಟರ್ ಹಿಡಿಯುವ ಒಂದು ಲೋಟ ತುಂಬಿಸಿದರೂ ವರ್ಷಕ್ಕೆ 1,750 ಲೀಟರಿಗೂ ಹೆಚ್ಚು ನೀರು ಪೋಲಾಗುತ್ತದೆ. ಬೇಸಗೆಯಲ್ಲಿ ಟ್ಯಾಂಕರಿಗೆ ಹಣ ತೆರುವ ಸೊಸೈಟಿಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡದ ಹೊರಗೂ ಒಮ್ಮೆ ಕಣ್ಣು ಹಾಯಿಸುವ ಅಗತ್ಯವಿದೆ. ಕೊಳವೆಗಳ ಜೋಡಣೆಯ ಬಳಿ, ಸಜ್ಜಾದ ಮೂಲೆಯಲ್ಲಿ ಅಶ್ವತ್ಥದ ಸಸಿ ಚಿಗುರಿದ್ದರೆ ಅಲ್ಲಿ ವರ್ಷವಿಡೀ ತೇವವಿದೆ ಎಂದೇ ಅರ್ಥ. ಅಶ್ವತ್ಥ ಪೂಜನೀಯ ವೃಕ್ಷ, ಕೀಳಬಾರದೆಂದು ಎಷ್ಟೋ ಮಂದಿ ಹಿಂಜರಿಯುತ್ತಾರೆ. ಆದರೆ ಅದರ ಬೇರು ಗೋಡೆಯನ್ನೇ ಸೀಳಬಲ್ಲದು. ಸಸಿ ಬೆರಳುದ್ದ ಇರುವಾಗಲೇ ಬೇರುಸಹಿತ ತೆಗೆಸಿ, ಮನಸ್ಸಿಗೆ ಸಮಾಧಾನ ಬೇಕಿದ್ದರೆ ಮಣ್ಣಿನಲ್ಲಿ ನೆಡಿಸುವುದೇ ವಿವೇಕ.

ಊರಿಗೆ ಹೊರಡುವವರು ಮನೆಯ ಮುಖ್ಯ ವಾಲ್ವ್ ಮುಚ್ಚುವುದನ್ನು ಮರೆಯಬಾರದು. ನೀರಿಲ್ಲದ ಹೊತ್ತಿನಲ್ಲಿ ತಿರುಗಿಸಿ ಬಿಟ್ಟ ನಳ್ಳಿ, ಬೀಗ ಹಾಕಿ ಹೋದ ಮೇಲೆ ನೀರು ಬಂದಾಗ ಕೆಳಗಿನ ಮೂರು ಮನೆಗಳನ್ನು ತೋಯಿಸಿದ ಪ್ರಸಂಗ ಯಾವ ಸೊಸೈಟಿಗೂ ಹೊಸದಲ್ಲ. ಗೀಸರಿನ ಸ್ವಿಚ್ ಆರಿಸಿ, ಬಚ್ಚಲಿನ ಟ್ರ್ಯಾಪಿಗೆ ಒಂದು ಬಾಲ್ದಿ ನೀರು ಸುರಿದು ಮುಚ್ಚಿ ಹೋದರೆ ಒಳ್ಳೆಯದು. ಟ್ರ್ಯಾಪಿನಲ್ಲಿ ನಿಂತ ನೀರು ಒಣಗಿದರೆ ಚರಂಡಿಯ ವಾಸನೆಯೂ ಜಿರಳೆಯೂ ಮನೆಯೊಳಗೆ ಬರುತ್ತವೆ. ಒಂದು ಕೀಲಿಕೈ ನಂಬಿಗಸ್ತ ನೆರೆಯವರ ಬಳಿ ಇರಬೇಕು. ಸ್ವಿಚ್‌ಬೋರ್ಡಿನ ಸಮೀಪ ಪಸೆ ಕಂಡಿದ್ದರೆ ಆ ಭಾಗದ ವಿದ್ಯುತ್ ಕಡಿತಗೊಳಿಸಿ ಎಲೆಕ್ಟ್ರಿಶಿಯನ್‌ನಿಂದ ಪರೀಕ್ಷಿಸದೆ ಮುಟ್ಟಲೇಬಾರದು.

ಸೋರಿಕೆ ಪತ್ತೆಯಾದ ಬಳಿಕ ಏಳುವುದು ಖರ್ಚು ಯಾರದ್ದೆಂಬ ಜಗಳ. ಮಹಾರಾಷ್ಟ್ರದ ಗೃಹ ನಿರ್ಮಾಣ ಸಹಕಾರಿ ಸೊಸೈಟಿಗಳ ಮಾದರಿ ಉಪನಿಯಮಗಳು ಇದನ್ನು ಸ್ಪಷ್ಟಪಡಿಸಿವೆ. ಮಳೆನೀರು, ಹೊರಗಿನ ಸಾಮಾನ್ಯ ಪೈಪು ಹಾಗೂ ಡ್ರೈನೇಜ್ ಕೊಳವೆಯ ಸೋರಿಕೆ ಸೊಸೈಟಿಯ ಹೊಣೆ. ಮನೆಯೊಳಗಿನ ನಳ್ಳಿ, ಶೌಚಾಲಯದ ಸಾಮಗ್ರಿಗಳಿಂದಾಗುವ ಸೋರಿಕೆ ಆಯಾ ಸದಸ್ಯರ ಹೊಣೆ. ಕಟ್ಟಡದ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75 ದುರಸ್ತಿ ನಿಧಿಗೆ, ಶೇ. 0.25 ಸಿಂಕಿಂಗ್ ಫಂಡಿಗೆ ಸಂಗ್ರಹಿಸಬೇಕೆಂಬುದೂ ಅದರಲ್ಲಿದೆ. 30 ವರ್ಷ ದಾಟಿದ ಕಟ್ಟಡಗಳ ದೃಢತೆಯನ್ನು ಇಂಜಿನಿಯರರಿಂದ ತಪಾಸಣೆ ಮಾಡಿಸುವುದು ಮಹಾನಗರಪಾಲಿಕೆ ಕಾಯ್ದೆಯ 265ಎ ಕಲಮಿನ ಪ್ರಕಾರ ಕಡ್ಡಾಯ. ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಮೂರೂ ಪಾಲಿಕೆಗಳಿಗೆ ಇದು ಅನ್ವಯಿಸುತ್ತದೆ.

ನಿಯಮವಿದ್ದರೂ ಬಾಯಿ ತೆರೆಯುವವರು ಕಡಿಮೆ. ‘ಮೇಲಿನ ಮನೆಯವರೊಡನೆ ಮನಸ್ತಾಪ ಬೇಡ’ ಎಂದು ಸುಮ್ಮನಿರುವುದು ಸೌಜನ್ಯವೆಂದು ಅನೇಕರ ಎಣಿಕೆ. ತಮ್ಮ ಬಚ್ಚಲು ಸೋರುತ್ತಿದೆಯೆಂದು ಕೆಳಗಿನವರು ಹೇಳಿ ಬಂದಾಗ ಪ್ಲಂಬರನನ್ನು ಒಳಗೆ ಬಿಡದ ಮೇಲಿನ ಮನೆಯವರೂ ಇದ್ದಾರೆ. ಒಂದೇ ಸ್ಲ್ಯಾಬು ಒಬ್ಬರಿಗೆ ನೆಲ, ಇನ್ನೊಬ್ಬರಿಗೆ ಸೂರು. ಅದು ಕೆಟ್ಟರೆ ಕೆಡುಕು ಇಬ್ಬರಿಗೂ. ಮೊದಲು ಬಾಯಿಮಾತಿನಲ್ಲಿ, ಫಲಿಸದಿದ್ದರೆ ಸೊಸೈಟಿಯ ಕಾರ್ಯದರ್ಶಿಗೆ ಫೋಟೋ ಸಹಿತ ಲಿಖಿತವಾಗಿ ತಿಳಿಸಿ ಪ್ರತಿಯ ಮೇಲೆ ಸಹಿ ಪಡೆದುಕೊಳ್ಳುವುದೇ ಸರಿಯಾದ ಮಾರ್ಗ. ಸೋರಿಕೆ ನಿಲ್ಲಿಸದೆ ಮೇಲಿಂದ ಮೇಲೆ ಬಣ್ಣ ಬಳಿಯುವುದು, ಹಳೆಯ ಟೈಲ್ಸ್ ಮೇಲೆಯೇ ಇನ್ನೊಂದು ಪದರ ಹಾಸಿ ಸ್ಲ್ಯಾಬಿನ ಭಾರ ಹೆಚ್ಚಿಸುವುದು ರೋಗ ಮುಚ್ಚಿಡುವ ಕೆಲಸ. ಕಲ್ಯಾಣದ ಘಟನೆಯ ಬಳಿಕವಾದರೂ ಹಳೆಯ ಕಟ್ಟಡದಲ್ಲಿ ನೆಲ ಒಡೆಯುವ ಮುನ್ನ ಸೊಸೈಟಿಯ ಅನುಮತಿ, ಇಂಜಿನಿಯರರ ಸಲಹೆ ಪಡೆಯುವ ಪರಿಪಾಠ ಬೆಳೆಯಬೇಕು.

ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕಾರ್ಯ ಸಾಕಷ್ಟಿದೆ. ವೈದ್ಯಕೀಯ ಶಿಬಿರ, ವಿದ್ಯಾರ್ಥಿವೇತನ, ಯಕ್ಷಗಾನಗಳನ್ನು ಅಚ್ಚುಕಟ್ಟಾಗಿ ನಡೆಸುವ ಸಂಘಟನೆಗಳಿಗೆ ವರ್ಷಕ್ಕೊಂದು ರವಿವಾರ ಮನೆಗಳ ‘ಆರೋಗ್ಯ’ಕ್ಕಾಗಿ ಮೀಸಲಿಡುವುದು ಕಷ್ಟವಲ್ಲ. ಸಮಾಜದಲ್ಲಿ ಸಿವಿಲ್ ಇಂಜಿನಿಯರರಿದ್ದಾರೆ, ಅನುಭವಿ ಗುತ್ತಿಗೆದಾರರಿದ್ದಾರೆ. ಅವರನ್ನು ಕರೆಸಿ ಮಾಹಿತಿ ಕೊಡಿಸಬಹುದು; ಭರವಸೆಯ ಪ್ಲಂಬರರ ಯಾದಿಯೊಂದನ್ನು ಸಂಘದ ಕಚೇರಿಯಲ್ಲಿ ಇಡಬಹುದು. ಮುಖ್ಯವಾಗಿ, ಮಕ್ಕಳು ಪರದೇಶದಲ್ಲಿದ್ದು ಇಲ್ಲಿ ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಮಹಿಳಾ ವಿಭಾಗ, ಯುವ ವಿಭಾಗದವರು ಮಳೆಗಾಲಕ್ಕೆ ಮೊದಲು ಒಮ್ಮೆ ಹೋಗಿ ಬರಬೇಕು. ಸ್ಟೂಲ್ ಹತ್ತಿ ಲಾಫ್ಟ್ ನೋಡಲಾಗದ, ಮೇಲಿನ ಮನೆಯವರೊಡನೆ ವಾದಿಸಲಾಗದ ಎಪ್ಪತ್ತರ ಹಿರಿಯರಿಗೆ ಆ ಭೇಟಿ ದೊಡ್ಡ ಆಸರೆ.

‘ಎಂದಾದರೊಂದು ದಿನ ಊರಿಗೆ ಹೋಗುವವರು, ಇದು ಹೇಗಾದರೂ ಸಾಕು’ ಎಂಬ ಭಾವನೆ ಹೊರನಾಡಿಗರ ಮನಸ್ಸಿನ ಮೂಲೆಯಲ್ಲಿ ಇದ್ದೇ ಇದೆ. ಹೋಟೆಲು, ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿದು, ಸಾಲದ ಕಂತು ಕಟ್ಟಿ ಕೊಂಡ ಈ ಎರಡು ಕೋಣೆಗಳ ಮನೆಯಲ್ಲಿಯೇ ಮಕ್ಕಳು ಬೆಳೆದಿದ್ದಾರೆ, ಮೊಮ್ಮಕ್ಕಳು ಆಡುತ್ತಿದ್ದಾರೆ. ಊರಿನ ಮನೆಯ ಹಂಚಿಗೆ ತೋರುವ ಕಾಳಜಿಯಲ್ಲಿ ಒಂದು ಪಾಲು ಇಲ್ಲಿಯ ಸ್ಲ್ಯಾಬಿಗೂ ಸಲ್ಲಬೇಕು. ಈ ಬಾರಿ ಪ್ರಯಾಣದ ಚೀಲ ಕಟ್ಟುವ ಮೊದಲು ಮನೆಯ ಮೇಲ್ಛಾವಣಿಯತ್ತ ಒಮ್ಮೆ ತಲೆಯೆತ್ತಿ ನೋಡಿ, ಕಂಡ ಕಲೆಯನ್ನು ಅಂದೇ ಸೊಸೈಟಿಗೆ ತಿಳಿಸುವ ಕೆಲಸ ಪ್ರತಿ ಮನೆಯಲ್ಲೂ ಆಗಬೇಕಾಗಿದೆ.