ಬಾಗಿಲಿಗೊಂದು ಗುರುತು

ಟಿ. ದಾಸರಹಳ್ಳಿಯ ನಮ್ಮ ಪಿಜಿಯಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದ ರೂಮಿನ ಬಾಗಿಲು ತಟ್ಟಿ ಬೈಸಿಕೊಂಡಿದ್ದೆ. ಅಮ್ಮ ಕೊಟ್ಟ ಪ್ಲಾಸ್ಟಿಕ್ ತೋರಣ ಕಟ್ಟಿದ ಮೇಲೆ ಆ ತಪ್ಪು ಆಗಲಿಲ್ಲ.

ಐಷಾರಾಮಿ ಕ್ರೂಸ್ ಹಡಗುಗಳಲ್ಲೂ ಇದೇ ಕತೆ. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ನಲ್ಲಿ 2,805 ಕೋಣೆಗಳಿವೆ. ಇಂಥ ಹಡಗುಗಳ ಉದ್ದನೆಯ ಕಾರಿಡಾರಿನಲ್ಲಿ ತಮ್ಮ ಕೋಣೆ ಗುರುತಿಸಲು, ಹುಟ್ಟುಹಬ್ಬದ ಖುಷಿ ಹಂಚಿಕೊಳ್ಳಲು ಪ್ರಯಾಣಿಕರು ಲೋಹದ ಬಾಗಿಲಿಗೆ ಅಯಸ್ಕಾಂತದ ಚಿತ್ರಗಳನ್ನು ಅಂಟಿಸುತ್ತಾರೆ.

ಅವರು ವಾರದಲ್ಲಿ ಮನೆಗೆ ಮರಳುತ್ತಾರೆ. ನನಗೆ ಆಧಾರ್‌ನಲ್ಲಿ ಊರಿನ ವಿಳಾಸ, ಕಾರ್ಖಾನೆಯಲ್ಲಿ ಟೋಕನ್ ನಂಬರ್, ಪಿಜಿಯಲ್ಲಿ ರೂಮ್ ನಂಬರ್. ನಾನೂ ಬೆಂಗಳೂರಿನಲ್ಲಿದ್ದೇನೆ ಎನ್ನುವುದಕ್ಕೆ ಸದ್ಯ ಆ ತೋರಣವೇ ಪುರಾವೆ.